ಬೂತಾಯಿ ಎಲ್ಲಿ ಹೋಗುತ್ತದೆ, ಹೇಗೆ ಬರುತ್ತದೆ?

ವನ್ಯಜೀವಿ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತದೆ? ಹುಲಿ, ಆನೆ, ಕಾಟಿ, ಹೆಚ್ಚೆಂದರೆ ಮಂಗಟ್ಟೆ ಹಕ್ಕಿ. ಬೂತಾಯಿ ಎಂಬ ಸಣ್ಣ ಮೀನಿನ ಹೆಸರನ್ನು ಯಾರೂ ಹೇಳುವುದಿಲ್ಲ. ಬೂತಾಯಿ ಅಂದರೆ ಹುಳಿ-ಖಾರದ ಪುಳಿಮುಂಚಿ ಸಾರು ಮತ್ತು ಕುಚ್ಚಲಕ್ಕಿ ಅನ್ನ, ಅಷ್ಟೇ. ಹುಲಿಗೆ ಕಾಡಿನಲ್ಲಿ ಕ್ಯಾಮೆರಾ ಕಟ್ಟುತ್ತೇವೆ. ಮೈಮೇಲಿನ ಪಟ್ಟೆ ನೋಡಿ ಒಂದೊಂದನ್ನೂ ಗುರುತು ಹಿಡಿಯುತ್ತೇವೆ. ಮೀನಿಗೆ ಮಾತ್ರ ಟನ್ ಲೆಕ್ಕ. ಅದೂ ಸತ್ತ ಮೇಲೆ, ಬೋಟುಗಳು ಮೀನು ಇಳಿಸುವ ದಕ್ಕೆಯಲ್ಲಿ.

ಹಾಗೆ ನೋಡಿದರೆ ಬೂತಾಯಿಯೂ ಕಾಡುಜೀವಿಯೇ. ಅದನ್ನು ಯಾರೂ ಸಾಕಿಲ್ಲ, ಮೇವು ಹಾಕಿಲ್ಲ. ಕಡಲಲ್ಲಿ ಹುಟ್ಟಿ, ತಾನೇ ಹೊಟ್ಟೆ ತುಂಬಿಸಿಕೊಂಡು, ತನ್ನನ್ನು ತಿನ್ನಲು ಬರುವ ನೂರೆಂಟು ಬಾಯಿಗಳಿಂದ ತಪ್ಪಿಸಿಕೊಂಡು ಬೆಳೆಯುತ್ತದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಮೀನೊಂದು ಅದರ ರಕ್ಷಣೆಯ ಪಟ್ಟಿಗೆ ಸೇರಲು 2001ರವರೆಗೆ ಕಾಯಬೇಕಾಯಿತು. ಸೇರಿದ್ದು ಬಸ್ಸಿನಷ್ಟು ಉದ್ದ ಬೆಳೆಯುವ ವೇಲ್ ಶಾರ್ಕ್. ಗೇಣುದ್ದದ ಮೀನಿನ ಕಡೆ ಯಾರು ನೋಡುತ್ತಾರೆ?

ನಾನು ನೋಡೋಣ ಅನ್ನುತ್ತೇನೆ. ಅರಬ್ಬಿ ಸಮುದ್ರದ ಬಿಸಿ, ಗಾಳಿ, ಬಲೆ, ಕಾರ್ಖಾನೆ, ಕಾನೂನು ಎಲ್ಲವೂ ಬಂದು ತಾಗುವುದು ಈ ಒಂದು ಮೀನಿಗೆ. ಮಂಗಳೂರು, ಉಡುಪಿ ಕಡೆ ಬೂತಾಯಿ, ಕುಂದಾಪುರದಲ್ಲಿ ಬೈಗೆ, ಕಾರವಾರದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ. ಎಲ್ಲಾ ಒಂದೇ.

ಮೊದಲು ಒಂದು ಲೆಕ್ಕ. ಕೊಚ್ಚಿಯಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಎಲ್ಲರೂ ಸಿಎಂಎಫ್‌ಆರ್‌ಐ ಅನ್ನುತ್ತಾರೆ. ಮಂಗಳೂರಿನಲ್ಲೂ ಅದರ ಕೇಂದ್ರ ಇದೆ. ದೇಶದ ಕರಾವಳಿಯಲ್ಲಿ ಎಷ್ಟು ಮೀನು ಇಳಿಯಿತು ಅಂತ ಲೆಕ್ಕ ಇಡುವುದು ಇವರ ಕೆಲಸಗಳಲ್ಲಿ ಒಂದು. ಇವರ ಪ್ರಕಾರ 2012ರಲ್ಲಿ ಕೇರಳದಲ್ಲಿ ಸಿಕ್ಕ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಲಕ್ಷ ಎಲ್ಲಿ, ಸಾವಿರ ಎಲ್ಲಿ! ನೂರು ಬುಟ್ಟಿ ಇಳಿಯುತ್ತಿದ್ದ ಕಡೆ ಒಂದು ಬುಟ್ಟಿಯೂ ಪೂರ್ತಿ ತುಂಬಲಿಲ್ಲ. ಸರಿ, ಮುಗಿಯಿತು ಅಂದುಕೊಂಡರೆ ಮರುವರ್ಷವೇ, 2022ರಲ್ಲಿ, ಮತ್ತೆ 1 ಲಕ್ಷ ಟನ್ ಆಸುಪಾಸಿಗೆ ಬಂದು ನಿಂತಿತು.

ನಮ್ಮ ಕರಾವಳಿಯಲ್ಲೂ ಕಥೆ ಇದೇ ಧಾಟಿಯದ್ದು. ಮೀನಿಗೆ ಗಡಿ ಗೊತ್ತಿಲ್ಲ, ಕಾಸರಗೋಡಿನ ನೀರೂ ಉಳ್ಳಾಲದ ನೀರೂ ಅದಕ್ಕೆ ಒಂದೇ. ಬೂತಾಯಿ ಇಲ್ಲದ ವರ್ಷ ಪತ್ರಿಕೆಗಳು ‘ಮತ್ಸ್ಯಕ್ಷಾಮ’ ಅಂತ ಬರೆಯುತ್ತವೆ. ಬಂದ ವರ್ಷ ‘ರಾಶಿ ರಾಶಿ ಬೂತಾಯಿ’ ಅಂತ ಫೋಟೊ ಹಾಕುತ್ತವೆ. ಮೀನು ಎಲ್ಲಿ ಹೋಗಿತ್ತು, ಹೇಗೆ ವಾಪಸ್ ಬಂತು ಅನ್ನುವುದು ಮಾತ್ರ ಸುದ್ದಿಯಾಗುವುದು ಕಡಿಮೆ.

ಮಳೆಗಾಲದಲ್ಲಿ ಕಡಲೊಳಗೆ ನಡೆಯುವುದು

ಜೂನ್‌ನಲ್ಲಿ ಮುಂಗಾರು ಬಂತು ಅಂದರೆ ನಮಗೆ ಕಾಣುವುದು ಮಳೆ ಮತ್ತು ದಡಕ್ಕೆ ಬಡಿಯುವ ಅಲೆ. ನಿಜವಾದ ಕೆಲಸ ನೀರಿನ ಕೆಳಗೆ ನಡೆಯುತ್ತಿರುತ್ತದೆ. ಕೇರಳ, ಕರ್ನಾಟಕದ ಕರಾವಳಿಯ ಉದ್ದಕ್ಕೂ ಬೀಸುವ ಗಾಳಿ ಮೇಲಿನ ಬೆಚ್ಚಗಿನ ನೀರನ್ನು ತಳ್ಳುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ನೀರು ಗಾಳಿ ಬೀಸಿದ ಕಡೆಗೇ ನೇರ ಹೋಗುವುದಿಲ್ಲ, ಬಲಕ್ಕೆ ವಾಲಿ ದಡದಿಂದ ಆಚೆ ಸರಿಯುತ್ತದೆ. ಸರಿದ ಜಾಗ ಖಾಲಿ ಇರಲು ಸಾಧ್ಯವಿಲ್ಲ. ಅಡಿಯಿಂದ ತಣ್ಣನೆಯ ನೀರು ಮೇಲೆ ಬರುತ್ತದೆ. ಹೀಗೆ ಮೇಲೇಳುವುದು ಮೊದಲು ಕೇರಳದ ದಕ್ಷಿಣದಲ್ಲಿ ಶುರುವಾಗಿ, ಮೆಲ್ಲಗೆ ಉತ್ತರಕ್ಕೆ ನಮ್ಮ ಕಡೆ ಹಬ್ಬುತ್ತದೆ.

ಆ ಅಡಿನೀರು ಬರಿಗೈಯಲ್ಲಿ ಬರುವುದಿಲ್ಲ. ಸತ್ತ ಜೀವಿಗಳು ತಳಕ್ಕೆ ಇಳಿದು ಕೊಳೆತ ಗೊಬ್ಬರವೆಲ್ಲ ಅದರಲ್ಲಿರುತ್ತದೆ. ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್. ಬಿಸಿಲು ಬೀಳುವ ಮೇಲ್ಪದರಕ್ಕೆ ಈ ಗೊಬ್ಬರ ಬಂದದ್ದೇ ತಡ, ಡಯಾಟಮ್ ಎಂಬ ಕಣ್ಣಿಗೆ ಕಾಣದ ಸಸ್ಯಗಳು ಕೋಟಿಗಟ್ಟಲೆ ಹುಟ್ಟುತ್ತವೆ. ನೀರಿನ ಬಣ್ಣವೇ ಬದಲಾಗುವಷ್ಟು. ಬೂತಾಯಿಗೆ ಇದೇ ಊಟ. ಹಾಗಾಗಿ ಅದು ಮೊಟ್ಟೆ ಇಡುವುದೂ ಇದೇ ಹೊತ್ತಿಗೆ, ಜೂನ್‌ನಿಂದ ಆಗಸ್ಟ್ ಒಳಗೆ ಜಾಸ್ತಿ. ಮರಿ ಹುಟ್ಟುವಾಗ ಊಟ ತಯಾರಿರಬೇಕು, ಅಲ್ವಾ?

ಮುಂದಿನ ಸಲ ಮನೆಗೆ ಬೂತಾಯಿ ತಂದಾಗ, ಕೊಚ್ಚುವ ಮೊದಲು ಒಂದನ್ನು ಕೇಳಿ ತೆಗೆದುಕೊಳ್ಳಿ. ಕೆನ್ನೆಯ ಮುಚ್ಚಳ ಎತ್ತಿ ಕಿವಿರು ನೋಡಿ. ಒಂದು ಬದಿಗೆ ಕೆಂಪು ಎಸಳು, ಅದು ಉಸಿರಾಟಕ್ಕೆ. ಅದರ ಎದುರು ಬದಿಗೆ ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣ ಸಣ್ಣ ಬಿಳಿ ಕಡ್ಡಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಬಾಯಿ ತೆರೆದು ಈಜುವಾಗ ನೀರು ಕಿವಿರಿನಿಂದ ಹೊರಗೆ ಹೋಗುತ್ತದೆ, ಡಯಾಟಮ್‌ಗಳು ಈ ಕಡ್ಡಿಗಳಿಗೆ ಸಿಕ್ಕಿಬೀಳುತ್ತವೆ. ಬಂಗುಡೆಯ ಕಿವಿರನ್ನೂ ಪಕ್ಕದಲ್ಲಿಟ್ಟು ನೋಡಿ. ಅದರ ಕಡ್ಡಿ ಉದ್ದ, ಆದರೆ ಇಷ್ಟು ನವಿರಿಲ್ಲ. ಇಷ್ಟು ಸಣ್ಣ ಸಸ್ಯವನ್ನು ಸೋಸಿ ತಿಂದು, ಅದನ್ನು ಎಣ್ಣೆ ಮಾಡಿ ಮೈಯಲ್ಲಿ ತುಂಬಿಕೊಳ್ಳುವುದರಲ್ಲಿ ಬೂತಾಯಿ ಉಸ್ತಾದ್. ಮಳೆಗಾಲ ಮುಗಿದ ಮೇಲಿನ ಬೂತಾಯಿಯನ್ನು ಕಾವಲಿಗೆ ಹಾಕಿದರೆ ಅದರದ್ದೇ ಎಣ್ಣೆಯಲ್ಲಿ ಅದು ಬೇಯುತ್ತದೆ ಅಂತ ಅಜ್ಜಿಯಂದಿರು ಹೇಳುವುದು ಸುಮ್ನೆ ಅಲ್ಲ.

ಇದರ ಆಯುಷ್ಯ ತೀರಾ ಕಡಿಮೆ. ಎರಡು, ಎರಡೂವರೆ ವರ್ಷ. ಒಂದು ವರ್ಷ ಆಗುವಾಗ ಸುಮಾರು 15 ಸೆಂ.ಮೀ. ಬೆಳೆದು ಮೊದಲ ಸಲ ಮೊಟ್ಟೆ ಇಡುತ್ತದೆ. ನಿಮ್ಮ ಜಾಮಿಟ್ರಿ ಬಾಕ್ಸ್‌ನಲ್ಲಿರುವ ಸ್ಕೇಲ್ ಸರಿಯಾಗಿ ಅಷ್ಟೇ ಉದ್ದ. ಆ ಸ್ಕೇಲ್‌ಗಿಂತ ಬಹಳ ಗಿಡ್ಡ ಇರುವ ಬೂತಾಯಿ ಅಂದರೆ ಇನ್ನೂ ಒಂದು ಸಲವೂ ಮೊಟ್ಟೆ ಇಡದ ಮೀನು.

ಈ ಗಿಡ್ಡ ಆಯುಷ್ಯವೇ ಎಲ್ಲಕ್ಕೂ ಮೂಲ. ಆನೆಗಳ ಹಿಂಡಿನಲ್ಲಿ 5 ವರ್ಷದ್ದೂ ಇರುತ್ತದೆ, 50 ವರ್ಷದ್ದೂ ಇರುತ್ತದೆ. ಒಂದು ಬರಗಾಲ ಬಂದರೂ ಹಿಂಡು ಉಳಿಯುತ್ತದೆ. ಬೂತಾಯಿಯಲ್ಲಿ ಹಾಗಿಲ್ಲ. ಕಡಲಲ್ಲಿ ಇರುವುದು ಹೋದ ವರ್ಷ ಹುಟ್ಟಿದವು, ಈ ವರ್ಷ ಹುಟ್ಟಿದವು, ಅಷ್ಟೇ. ಒಂದು ಮಳೆಗಾಲ ಕೈಕೊಟ್ಟರೆ ಮರುವರ್ಷವೇ ಬುಟ್ಟಿ ಖಾಲಿ. ಎರಡು ಮಳೆಗಾಲ ಕೈಕೊಟ್ಟರೆ ಕ್ಷಾಮ. ಆದರೆ ಒಂದು ಹೆಣ್ಣು ಬೂತಾಯಿ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಹಾಗಾಗಿ ಒಂದು ಮಳೆಗಾಲ ಚೆನ್ನಾಗಿ ಬಂದರೆ, ಉಳಿದ ಸ್ವಲ್ಪ ಮೀನೇ ಸಾಕು, ಕಡಲು ಮತ್ತೆ ತುಂಬುತ್ತದೆ. ಬೂತಾಯಿ ಏರುವುದು, ಇಳಿಯುವುದು ಹೊಸದಲ್ಲ. 1940ರ ದಶಕದಲ್ಲೂ ಇಳಿದಿತ್ತು, 1994ರಲ್ಲೂ ಇಳಿದಿತ್ತು. ಆಗ ರಾತ್ರಿ ದೀಪ ಹಾಕಿ ಮೀನು ಹಿಡಿಯುವ ಲೈಟ್ ಫಿಶಿಂಗ್ ಇರಲಿಲ್ಲ.

ಹಾಗಾದರೆ ಚಿಂತೆ ಯಾಕೆ? ಅದರ ಪಾಡಿಗೆ ಹೋಗುತ್ತದೆ, ಬರುತ್ತದೆ ಅಂತ ಬಿಡಬಹುದಲ್ಲ? ಈ ವಾದವನ್ನು ಬೋಟಿನವರ ಬಾಯಲ್ಲೂ ಕೇಳಬಹುದು, ಕೆಲವು ಅಧಿಕಾರಿಗಳ ಬಾಯಲ್ಲೂ ಕೇಳಬಹುದು. ಅರ್ಧ ಸತ್ಯ ಇದೆ. ಉಳಿದ ಅರ್ಧ ಏನೆಂದರೆ, ಹೋಗುವ ಕಾರಣಗಳು ಹೆಚ್ಚುತ್ತಿವೆ, ಬರುವ ದಾರಿಗೆ ನಾವು ಅಡ್ಡ ನಿಂತಿದ್ದೇವೆ.

ಬಿಸಿಯಾಗುತ್ತಿರುವ ಅರಬ್ಬಿ

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿ ನಾವು ಭೂಮಿಯಲ್ಲಿ ಹಿಡಿದಿಟ್ಟ ಹೆಚ್ಚುವರಿ ಬಿಸಿಯಲ್ಲಿ ನೂರಕ್ಕೆ 90 ಪಾಲು ಸೇರಿರುವುದು ಕಡಲಿಗೆ. ಅದರಲ್ಲೂ ನಮ್ಮ ಹಿಂದೂ ಮಹಾಸಾಗರ ಬೇಗ ಕಾಯುತ್ತಿದೆ. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಕೊಟ್ಟ ವರದಿ ಪ್ರಕಾರ, 1951ರಿಂದ 2015ರ ನಡುವೆ ಇದರ ಉಷ್ಣವಲಯದ ಮೇಲ್ನೀರು ಸುಮಾರು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ. ಇಡೀ ಜಗತ್ತಿನ ಕಡಲುಗಳ ಸರಾಸರಿ ಏರಿಕೆ ಅಷ್ಟೇ ಅವಧಿಯಲ್ಲಿ 0.7 ಡಿಗ್ರಿ.

ಒಂದು ಡಿಗ್ರಿ ಅಂದರೆ ಏನು ಮಹಾ ಅನ್ನಿಸಬಹುದು. ನಮಗೆ ಗೊತ್ತೂ ಆಗುವುದಿಲ್ಲ. ಆದರೆ ಬಿಸಿ ನೀರು ಹಗುರ. ಅದು ಮೇಲೆ ದಪ್ಪ ಪದರವಾಗಿ ಕೂತರೆ ಅಡಿಯ ತಣ್ಣೀರು ಅದನ್ನು ಸೀಳಿ ಮೇಲೆ ಬರುವುದು ಕಷ್ಟ. ತಣ್ಣೀರು ಬರದಿದ್ದರೆ ಗೊಬ್ಬರ ಇಲ್ಲ. ಗೊಬ್ಬರ ಇಲ್ಲದಿದ್ದರೆ ಡಯಾಟಮ್ ಇಲ್ಲ. ಪುಣೆಯ ಹವಾಮಾನ ವಿಜ್ಞಾನಿಗಳಿದ್ದ ತಂಡವೊಂದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಈ ಸೂಕ್ಷ್ಮ ಸಸ್ಯಗಳು ಶೇ. 20ರವರೆಗೆ ಕಡಿಮೆಯಾಗಿರುವ ಅಂದಾಜು ಸಿಕ್ಕಿತು.

ಇದರ ಮೇಲೆ ಎಲ್ ನಿನೊ. ಪೆಸಿಫಿಕ್ ಸಾಗರದ ನೀರು ಕೆಲವು ವರ್ಷಕ್ಕೊಮ್ಮೆ ಅತಿಯಾಗಿ ಕಾಯುವ ವಿದ್ಯಮಾನ ಇದು. ಅಲ್ಲಿ ಕಾದರೆ ಇಲ್ಲಿ ಮುಂಗಾರು ಏರುಪೇರಾಗುತ್ತದೆ. 2015-16ರ ಎಲ್ ನಿನೊ ಭಾರೀ ಬಲದ್ದು. ಕೇರಳದಲ್ಲಿ ಬೂತಾಯಿ ಭಾರೀ ಕುಸಿದದ್ದೂ ಅದೇ ವರ್ಷಗಳಲ್ಲಿ. ನೀರಿನ ಬಿಸಿ ತಾಳದ ಮೀನು ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಜಾಗ ಬದಲಾಯಿಸುತ್ತದೆ. ಹಿಂದೆ ಬೂತಾಯಿ ಅಂದರೆ ಕೇರಳ, ಕರ್ನಾಟಕ, ಹೆಚ್ಚೆಂದರೆ ಗೋವಾ ಕಡೆಯ ಮೀನು. ಕಳೆದ ಕೆಲವು ದಶಕಗಳಲ್ಲಿ ಅದು ಮಹಾರಾಷ್ಟ್ರ, ಗುಜರಾತ್ ಕಡೆಗೂ, ಆ ಬದಿಯಲ್ಲಿ ತಮಿಳುನಾಡಿನ ಕರಾವಳಿಗೂ ಹರಡಿದೆ.

ಚಂಡಮಾರುತವೂ ಬಿಸಿನೀರಿನದ್ದೇ ಕೂಸು. ಹಿಂದೆ ಅದು ಬಂಗಾಳಕೊಲ್ಲಿಯ ತಲೆನೋವು ಅಂತ ನಾವು ನಿಶ್ಚಿಂತೆಯಿಂದ ಇದ್ದೆವು. 2017ರಲ್ಲಿ ಓಖಿ, 2019ರಲ್ಲಿ ಕ್ಯಾರ್ ಮತ್ತು ಮಹಾ ಬೆನ್ನುಬೆನ್ನಿಗೆ, 2021ರ ಮೇ ತಿಂಗಳಲ್ಲಿ ತೌಕ್ತೆ. ‘ತೂಫಾನ್’ ಅಂತ ರೇಡಿಯೊದಲ್ಲಿ ಬಂದರೆ ಬೋಟುಗಳು ದಿನಗಟ್ಟಲೆ ಬಂದರಿನಲ್ಲೇ ಕಟ್ಟಿರುತ್ತವೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ತೂಫಾನ್ ಇಳಿದ ಮೇಲೆ ಹೊರಟ ಬೋಟು ಖಾಲಿ ಬರಲು ಮನಸ್ಸು ಮಾಡುವುದಿಲ್ಲ. ಸಿಕ್ಕಿದ್ದನ್ನು ತರುತ್ತದೆ. ಬಿಸಿಯ ಕಥೆ ಹೀಗೆ ಬಲೆಯ ಕಥೆಗೆ ಬಂದು ಸೇರುತ್ತದೆ.

ಬಲೆಯ ಕಣ್ಣು

ನಿಮ್ಮ ಅಜ್ಜ ಕರಾವಳಿಯವರಾಗಿದ್ದರೆ ರಂಪಣಿ ಬಲೆಯ ಬಗ್ಗೆ ಕೇಳಿ. ದಡದಿಂದ ದೋಣಿಯಲ್ಲಿ ಬಲೆ ಒಯ್ದು, ಅರ್ಧ ಸುತ್ತು ಹಾಕಿ, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತ ಜನ ಎಳೆಯಬೇಕು. ಊರಿಗೆ ಊರೇ ಬೇಕಿತ್ತು. ಮೀನಿನಲ್ಲಿ ಎಲ್ಲರಿಗೂ ಪಾಲು. ಆಗಲೂ ಲೋಡುಗಟ್ಟಲೆ ಬೂತಾಯಿ ಹಿಡಿಯುತ್ತಿದ್ದರು, ತಿಂದು ಮಿಕ್ಕಿದ್ದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಹಾಗಾಗಿ ಹಳೇ ಕಾಲದವರೆಲ್ಲ ಕಡಲಿನ ಮೇಲೆ ದಯೆ ಇಟ್ಟಿದ್ದರು ಅಂತ ನಾನು ಹೇಳುವುದಿಲ್ಲ. ಅವರ ಬಲೆ ದಡ ಬಿಟ್ಟು ಹೋಗಲಾಗುತ್ತಿರಲಿಲ್ಲ, ಅಷ್ಟೇ. ಮೀನು ದಡಕ್ಕೆ ಬಂದರೆ ಸಿಗುತ್ತಿತ್ತು, ಬರದಿದ್ದರೆ ಬದುಕುತ್ತಿತ್ತು.

1970ರ ದಶಕದ ನಡುವಿಗೆ ಪರ್ಸೀನ್ ಬೋಟುಗಳು ಬಂದವು. ಇವು ಮೀನಿನ ಹಿಂಡು ಇರುವಲ್ಲಿಗೇ ಹೋಗಿ, ಸುತ್ತ ಬಲೆ ಹಾಕಿ, ಬಲೆಯ ಅಡಿಯ ಹಗ್ಗ ಎಳೆದು ಬಾಯಿ ಮುಚ್ಚುತ್ತವೆ. ಇಡೀ ಹಿಂಡು ಒಳಗೆ. ರಂಪಣಿಯವರು ಜಗಳಕ್ಕೆ ನಿಂತರು, ಹೋರಾಟ ಮಾಡಿದರು, ಕೊನೆಗೆ ರಂಪಣಿಯೇ ಮುಗಿದುಹೋಯಿತು. ಈಗ ಅಲ್ಲಲ್ಲಿ ಸಣ್ಣ ಕೈರಂಪಣಿ ಉಳಿದಿದೆ.

ಆಮೇಲೆ ಬಂದದ್ದು ಲೈಟ್ ಫಿಶಿಂಗ್. ಬೋಟಿನಲ್ಲಿ ಜನರೇಟರ್, ಸುತ್ತ ಪ್ರಖರ ಎಲ್‌ಇಡಿ ದೀಪ. ಕತ್ತಲ ರಾತ್ರಿ ದೀಪ ಹಾಕಿದರೆ ಮೊದಲು ಸಣ್ಣ ಜೀವಿಗಳು ಬೆಳಕಿಗೆ ಬರುತ್ತವೆ, ಅವನ್ನು ತಿನ್ನಲು ಮರಿಮೀನು, ಮರಿಮೀನಿಗಾಗಿ ದೊಡ್ಡ ಮೀನು. ಎಲ್ಲಾ ಸೇರಿದ ಮೇಲೆ ಸುತ್ತ ಬಲೆ. ಇದರಲ್ಲಿ ಆಯ್ಕೆ ಅನ್ನುವುದೇ ಇಲ್ಲ. ಎರಡು ಬೋಟುಗಳು ನಡುವೆ ಒಂದೇ ಬಲೆ ಕಟ್ಟಿಕೊಂಡು ಗುಡಿಸಿಕೊಂಡು ಹೋಗುವ ಬುಲ್ ಟ್ರಾಲಿಂಗ್ ಇನ್ನೊಂದು. ಎರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಆದರೂ ನಾಡದೋಣಿಯವರು ‘ಲೈಟ್ ಫಿಶಿಂಗ್ ನಿಲ್ಲಿಸಿ’ ಅಂತ ಪ್ರತಿಭಟನೆ ಮಾಡುವ ಸುದ್ದಿ ಈಗಲೂ ಬರುತ್ತಲೇ ಇದೆ. ನಿಂತಿದ್ದರೆ ಯಾಕೆ ಬರುತ್ತಿತ್ತು?

ಬೋಟು ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬಲೆಯ ಒಂದು ಸೂಕ್ಷ್ಮ ಇಲ್ಲಿ ಹೇಳಲೇಬೇಕು. ಬಲೆಯ ಕೊನೆಯಲ್ಲಿ ಮೀನು ಸೇರುವ ಚೀಲ ಇರುತ್ತದೆ. ಆ ಚೀಲದ ಕಣ್ಣು ವಜ್ರದ ಆಕಾರದ್ದಾದರೆ, ಬೋಟು ಎಳೆಯುವಾಗ ಬಿಗಿದು ಕಣ್ಣು ಮುಚ್ಚಿಹೋಗುತ್ತದೆ. ಅಳತೆಯಲ್ಲಿ ಎಷ್ಟೇ ದೊಡ್ಡ ಕಣ್ಣಿದ್ದರೂ ಮರಿ ಹೊರಗೆ ಹೋಗಲಾರದು. ಚೌಕದ ಕಣ್ಣಾದರೆ ಎಳೆದರೂ ತೆರೆದೇ ಇರುತ್ತದೆ, ಮರಿ ನುಸುಳಿ ಹೋಗುತ್ತದೆ. ದಾರದ ಬಲೆ ಸಿಕ್ಕಿದರೆ ಕೈಯಲ್ಲಿ ಹಿಡಿದು ಎರಡು ದಿಕ್ಕಿಗೆ ಎಳೆದು ನೋಡಿ, ಗೊತ್ತಾಗುತ್ತದೆ. ಚೌಕ ಕಣ್ಣಿನ ಚೀಲ ಬೇಕು ಅಂತ ವಿಜ್ಞಾನಿಗಳು ಹೇಳುತ್ತಾ ವರ್ಷಗಳೇ ಆದವು. ಇದಕ್ಕೆ ಬೇಕಾದ ಖರ್ಚು ಕಡಿಮೆ. ಆದರೆ ಮರಿ ತಪ್ಪಿಸಿಕೊಂಡರೆ ಈವತ್ತಿನ ತೂಕ ಕಡಿಮೆಯಾಗುತ್ತದೆ, ನಾಳೆಯ ಲಾಭ ಯಾರಿಗೆ ಸಿಗುತ್ತದೋ ಯಾರಿಗೆ ಗೊತ್ತು. ನಾನು ಬಿಟ್ಟ ಮರಿಯನ್ನು ಪಕ್ಕದ ಬೋಟಿನವನು ಹಿಡಿದರೆ? ಈ ಭಯ ಸುಳ್ಳಲ್ಲ. ಯಾರದ್ದೂ ಅಲ್ಲದ ಕಡಲಿನಲ್ಲಿ ಒಬ್ಬರೇ ಒಳ್ಳೆಯವರಾಗಿ ಪ್ರಯೋಜನ ಇಲ್ಲ. ಅದಕ್ಕೇ ಎಲ್ಲರಿಗೂ ಒಂದೇ ನಿಯಮ ಬೇಕಾಗುವುದು.

ಲಾರಿ ಏರುವ ಮರಿ

ಹೆದ್ದಾರಿ 66ರಲ್ಲಿ ಹೋಗುವಾಗ ಹಿಂದಿನಿಂದ ನೀರು ಸೋರಿಸುತ್ತಾ ಹೋಗುವ ಮೀನಿನ ಲಾರಿ ನೋಡಿರುತ್ತೀರಿ. ಕಿಟಕಿ ಮುಚ್ಚಿ, ಮೂಗು ಮುಚ್ಚಿ ಮುಂದೆ ಹೋಗುತ್ತೇವೆ. ಅವುಗಳಲ್ಲಿ ಎಲ್ಲವೂ ಮಾರುಕಟ್ಟೆಗೆ ಹೋಗುವುದಿಲ್ಲ. ಕೆಲವು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತವೆ. ಅಲ್ಲಿ ಮೀನನ್ನು ಬೇಯಿಸಿ, ಹಿಂಡಿ, ಎಣ್ಣೆ ಬೇರೆ ಮಾಡಿ, ಉಳಿದದ್ದನ್ನು ಒಣಗಿಸಿ ಪುಡಿ ಮಾಡುತ್ತಾರೆ. ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಪುಡಿ ಸಿಗಡಿ ಸಾಕುವ ಕೆರೆಗಳಿಗೆ, ಮೀನು ಸಾಕಣೆಗೆ, ಕೋಳಿ ಆಹಾರಕ್ಕೆ ಹೋಗುತ್ತದೆ. ಬೂತಾಯಿಯ ವಾಸನೆಯೇ ಆಗದು ಅನ್ನುವ ಬಯಲುಸೀಮೆಯ ಮನೆಯಲ್ಲೂ ಕೋಳಿಯ ಮೂಲಕ, ಸಿಗಡಿಯ ಮೂಲಕ ಬೂತಾಯಿ ತಟ್ಟೆಗೆ ಬಂದಿರಬಹುದು.

ಕಾರ್ಖಾನೆಯೇ ಖಳನಾಯಕ ಅಂತ ನಾನು ಹೇಳುತ್ತಿಲ್ಲ. ತಲೆ, ಕರುಳು, ಕೊಳೆತ ಮೀನು, ಯಾರೂ ತಿನ್ನದ ಕಾರ್ಗಿಲ್ ಮೀನು, ಇವನ್ನು ಪುಡಿ ಮಾಡಿದರೆ ಒಳ್ಳೆಯದೇ. ತೊಂದರೆ ಇರುವುದು ಬೇರೆ ಕಡೆ. ಹಿಂದೆ ತೀರಾ ಸಣ್ಣ ಮೀನು ತಂದರೆ ಏಲಂನಲ್ಲಿ ಕೇಳುವವರು ಕಡಿಮೆ. ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಹೆಂಗಸರು ಅದನ್ನು ಮುಟ್ಟುತ್ತಿರಲಿಲ್ಲ, ‘ಇದನ್ನು ಯಾರಿಗೆ ಕೊಡಲಿ’ ಅನ್ನುತ್ತಿದ್ದರು. ಹಾಗಾಗಿ ಬೋಟು ನಡೆಸುವ ತಂಡೇಲ ಬಲೆ ಹಾಕುವ ಮುಂಚೆ ಯೋಚಿಸುತ್ತಿದ್ದ. ಈಗ ಎಷ್ಟು ಸಣ್ಣದಿದ್ದರೂ, ಎಷ್ಟು ಜಜ್ಜಿದ್ದರೂ ಕಿಲೋಗೆ ಇಷ್ಟು ಅಂತ ಕೊಳ್ಳುವ ಗಿರಾಕಿ ಇದ್ದಾನೆ. ಕಡಲಿಗೆ ಇದ್ದ ಒಂದು ಬ್ರೇಕ್ ಹೀಗೆ ಕಿತ್ತುಹೋಯಿತು.

ಲೆಕ್ಕ ಹಾಕಿ ನೋಡಿ. 10 ಗ್ರಾಂ ತೂಗುವ ಮರಿ ಬೂತಾಯಿ 100 ಸೇರಿದರೆ 1 ಕಿಲೋ. ಕಾರ್ಖಾನೆಯ ದರದಲ್ಲಿ ಅದಕ್ಕೆ ಸಿಗುವುದು ಚಿಲ್ಲರೆ ಕಾಸು. ಅವನ್ನೇ ಕೆಲವು ತಿಂಗಳು ಬಿಟ್ಟರೆ, ಅರ್ಧದಷ್ಟು ಬೇರೆ ಮೀನಿನ ಬಾಯಿಗೆ ಹೋದರೂ, ಉಳಿದ 50 ಮೀನು ತಲಾ 40 ಗ್ರಾಂ ಆಗುತ್ತವೆ. 2 ಕಿಲೋ ಆಯಿತು. ಈಗ ಅದು ಮನುಷ್ಯರು ತಿನ್ನುವ ಮೀನು, ಬೆಲೆ ಕಿಲೋಗೆ ಹಲವು ಪಟ್ಟು ಜಾಸ್ತಿ. ಹೋಗುವ ಮೊದಲು ಅವುಗಳಲ್ಲಿ ಕೆಲವಾದರೂ ಮೊಟ್ಟೆ ಇಟ್ಟು ಹೋಗಿರುತ್ತವೆ. ಮರಿ ಹಿಡಿಯುವುದು ಪಾಪವೋ ಪುಣ್ಯವೋ ಬಿಡಿ, ವ್ಯಾಪಾರವಾಗಿ ನೋಡಿದರೂ ದಡ್ಡತನ.

ಕೆಟ್ಟ ಮಳೆಗಾಲವನ್ನು ಬೂತಾಯಿ ಸಾವಿರಾರು ವರ್ಷಗಳಿಂದ ತಡೆದುಕೊಂಡು ಬಂದಿದೆ. ಅದಕ್ಕೆ ತಡೆಯಲು ಆಗದೇ ಇರುವುದು ಕೆಟ್ಟ ಮಳೆಗಾಲದ ಬೆನ್ನಿಗೇ, ಅಳಿದುಳಿದ ಮರಿಗಳನ್ನೂ ಬಾಚಿಕೊಳ್ಳುವುದು. ವಾಪಸ್ ಬರಬೇಕಾದ ಮೀನು ಅದೇ ತಾನೆ.

ಬೂತಾಯಿಯ ಹಿಂದೆ ಇರುವವರು

ಇದರಲ್ಲಿ ವನ್ಯಜೀವಿ ಎಲ್ಲಿ ಬಂತು ಅಂತ ಕೇಳಬಹುದು. ಎಲ್ಲಾ ಕಡೆ ಇದೆ. ಡಯಾಟಮ್‌ನಲ್ಲಿ ಹಿಡಿದಿಟ್ಟ ಬಿಸಿಲನ್ನು ದೊಡ್ಡ ಪ್ರಾಣಿಗಳಿಗೆ ದಾಟಿಸುವ ಸೇತುವೆ ಬೂತಾಯಿಯಂಥ ಸಣ್ಣ ಮೀನುಗಳು. ಅಂಜಲ್ ಅದನ್ನು ತಿನ್ನುತ್ತದೆ, ಟ್ಯೂನಾ ತಿನ್ನುತ್ತದೆ. ಕಾರವಾರದಲ್ಲಿ ದೋಣಿ ಹತ್ತಿ ನೋಡಲು ಹೋಗುತ್ತೇವಲ್ಲ, ಆ ಗೂನು ಬೆನ್ನಿನ ಡಾಲ್ಫಿನ್, ದಡದ ಹತ್ತಿರದ ಇಂಥ ಮೀನುಗಳನ್ನೇ ನಂಬಿದೆ. ಜಗತ್ತಿನ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುವ ಬಿಳಿ ಹೊಟ್ಟೆಯ ಕಡಲ ಹದ್ದುಗಳಿಗೂ ಮೀನೇ ಮುಖ್ಯ ಊಟ.

ಸೇತುವೆ ಮುರಿದರೆ ಏನಾಗುತ್ತದೆ ಅನ್ನುವುದಕ್ಕೆ ಆಫ್ರಿಕಾದ ನಮೀಬಿಯಾ ನೋಡಬೇಕು. ಅಲ್ಲೂ ನಮ್ಮಲ್ಲಿಯಂತೆ ತಣ್ಣೀರು ಮೇಲೇಳುವ ಕರಾವಳಿ, ಅಲ್ಲೂ ಬೂತಾಯಿಯ ಜಾತಿಯದ್ದೇ ಮೀನು. 1960ರ ದಶಕದ ಕೊನೆಗೆ ವರ್ಷಕ್ಕೆ 10 ಲಕ್ಷ ಟನ್‌ಗೂ ಜಾಸ್ತಿ ಹಿಡಿದರು. 1970ರ ದಶಕದಲ್ಲಿ ಮೀನು ಕುಸಿಯಿತು. ಅರ್ಧ ಶತಮಾನ ಕಳೆದರೂ ಹಳೆಯ ಮಟ್ಟಕ್ಕೆ ಬಂದಿಲ್ಲ. ಖಾಲಿಯಾದ ಜಾಗಕ್ಕೆ ಜೆಲ್ಲಿ ಮೀನು ಬಂದು ಕೂತಿತು. ಅದು ಬರೀ ನೀರು, ಪೆಂಗ್ವಿನ್‌ಗೆ ಅದರಿಂದ ಹೊಟ್ಟೆ ತುಂಬುವುದಿಲ್ಲ. ಆ ಕರಾವಳಿಯ ಆಫ್ರಿಕನ್ ಪೆಂಗ್ವಿನ್ 2024ರಲ್ಲಿ ‘ತೀವ್ರ ಅಪಾಯ’ದ ಪಟ್ಟಿಗೆ ಸೇರಿತು. 2011ರಲ್ಲಿ ಪ್ರಕಟವಾದ, ಜಗತ್ತಿನ ಹಲವು ಕಡೆಯ ಕಡಲ ಹಕ್ಕಿಗಳ ದಾಖಲೆ ಒಟ್ಟು ಮಾಡಿದ ಅಧ್ಯಯನವೊಂದು, ಸಣ್ಣ ಮೀನಿನ ಪ್ರಮಾಣ ಅದರ ಗರಿಷ್ಠ ಮಟ್ಟದ ಮೂರನೇ ಒಂದು ಪಾಲಿಗಿಂತ ಕೆಳಗೆ ಹೋದರೆ ಹಕ್ಕಿಗಳು ಮರಿ ಮಾಡುವುದೇ ಕುಸಿಯುತ್ತದೆ ಎಂದು ತೋರಿಸಿತು. ಕೇರಳದಲ್ಲಿ 2021ರಲ್ಲಿ ಸಿಕ್ಕಿದ ಮೀನು 2012ರದ್ದರ ನೂರನೇ ಒಂದು ಪಾಲೂ ಇರಲಿಲ್ಲ. ಹಿಡಿದ ಮೀನು, ಕಡಲಲ್ಲಿದ್ದ ಮೀನು ಎರಡೂ ಒಂದೇ ಲೆಕ್ಕ ಅಲ್ಲ, ನಿಜ. ಆದರೂ ಆ ವರ್ಷ ನಮ್ಮ ಹಕ್ಕಿಗಳು ಏನು ತಿಂದವು ಅಂತ ಕೇಳಿಕೊಳ್ಳಬೇಕು.

ಕಡಲಾಮೆಗೆ ತೊಂದರೆ ಬೇರೆ ಬಗೆಯದ್ದು. ಆಲಿವ್ ರಿಡ್ಲಿ ಆಮೆಗಳು ಚಳಿಗಾಲ, ಬೇಸಿಗೆಯ ಶುರುವಿನಲ್ಲಿ ಹೊನ್ನಾವರ, ಕಾರವಾರ, ಕುಂದಾಪುರದ ಮರಳಿಗೆ ಬಂದು ಮೊಟ್ಟೆ ಇಡುತ್ತವೆ. ಆಮೆಗೆ ಕಿವಿರಿಲ್ಲ, ಶ್ವಾಸಕೋಶ ಇದೆ. ಟ್ರಾಲ್ ಬಲೆಯಲ್ಲಿ ಗಂಟೆಗಟ್ಟಲೆ ಸಿಕ್ಕಿಬಿದ್ದರೆ ಮುಳುಗಿ ಸಾಯುತ್ತದೆ. ಬಲೆಯ ಕುತ್ತಿಗೆಗೆ ಸರಳುಗಳ ಒಂದು ಚೌಕಟ್ಟು ಹಾಕಿದರೆ ಸಿಗಡಿ ಒಳಗೆ ಹೋಗುತ್ತದೆ, ಆಮೆ ಹೊರಗೆ ಜಾರುತ್ತದೆ. ನಮ್ಮ ಬೋಟುಗಳಲ್ಲಿ ಅದಿಲ್ಲ ಎಂಬ ಕಾರಣಕ್ಕೇ ಅಮೆರಿಕ 2019ರಿಂದ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿ ಕೊಳ್ಳುವುದನ್ನು ನಿಲ್ಲಿಸಿತು. ಬಿಸಿಯ ಕಾಟ ಇಲ್ಲೂ ಇದೆ. ಮೊಟ್ಟೆಯೊಳಗಿನ ಮರಿ ಗಂಡೋ ಹೆಣ್ಣೋ ಅನ್ನುವುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ. ಜಾಸ್ತಿ ಬಿಸಿಯಾದರೆ ಹೆಚ್ಚಿನವು ಹೆಣ್ಣು.

ಪ್ಲಾಸ್ಟಿಕ್ ಬಗ್ಗೆ ಇನ್ನೂ ಮಾತೇ ಬರಲಿಲ್ಲವಲ್ಲ ಅನ್ನಿಸಿರಬಹುದು. ಬೇಕೆಂದೇ ಹಿಂದೆ ಇಟ್ಟೆ. ಶಾಲೆಯ ಪ್ರಬಂಧಗಳಲ್ಲಿ ಪ್ಲಾಸ್ಟಿಕ್‌ಗೆ ಸಿಗುವ ಜಾಗ ಬಲೆಯ ಕಣ್ಣಿಗೆ ಸಿಗುವುದಿಲ್ಲ. ಪ್ಲಾಸ್ಟಿಕ್ ಕಣ್ಣಿಗೆ ಕಾಣುತ್ತದೆ, ಹೆಕ್ಕಬಹುದು, ಹೆಕ್ಕಿದ ಮೇಲೆ ಫೋಟೊ ತೆಗೆಯಬಹುದು. ಅದೂ ಅಪಾಯವೇ. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಹತ್ತಿರ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್‌ಗಳೊಂದಿಗೆ ಮುಳುಗಿದಾಗ, ಸಣ್ಣ ಬಿಳಿ ಪ್ಲಾಸ್ಟಿಕ್ ಕಾಳುಗಳು ಕೇರಳದ ದಡಗಳಲ್ಲಿ ಮೂಟೆಗಟ್ಟಲೆ ಬಂದು ಬಿದ್ದವು. ಮೀನಿನ ಮೊಟ್ಟೆಯೆಂದು ಅದನ್ನು ತಿನ್ನುವ ಜೀವಿಗಳಿವೆ. ಎರಡೇ ವಾರದಲ್ಲಿ, ಜೂನ್ 9ರಂದು, ಕಣ್ಣೂರಿನಾಚೆ ವಾನ್ ಹೈ 503 ಎಂಬ ಇನ್ನೊಂದು ಹಡಗು ಹೊತ್ತಿ ಉರಿಯಿತು. ಬದುಕುಳಿದ ಸಿಬ್ಬಂದಿಯನ್ನು ಕರೆತಂದದ್ದು ಮಂಗಳೂರಿಗೆ. ಎರಡೂ ನಡೆದದ್ದು ಬೂತಾಯಿ ಮೊಟ್ಟೆ ಇಡುವ ಕಾಲದ ಆಸುಪಾಸಿನಲ್ಲೇ. ಆದರೆ ವಿಶ್ವಸಂಸ್ಥೆಯ ಬೆಂಬಲದ ಜೀವವೈವಿಧ್ಯ ವರದಿ 2019ರಲ್ಲಿ ಹೇಳಿದ್ದನ್ನು ಮರೆಯಬಾರದು. ಕಡಲಿನ ಜೀವಕ್ಕೆ ಇದುವರೆಗೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಟ್ಟಿರುವುದು ನೇರ ಹಿಡಿಯುವಿಕೆ, ಅಂದರೆ ಮುಖ್ಯವಾಗಿ ಮೀನುಗಾರಿಕೆ.

ಅಳತೆ ಯಾರದ್ದು?

ನಿಯಮಗಳು ಇಲ್ಲವೆಂದಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅಂತ ಈ ರಜೆ. ಒಳ್ಳೆಯದೇ. ಆದರೆ ಆಗಸ್ಟ್‌ನಲ್ಲೂ ಬೂತಾಯಿ ಮೊಟ್ಟೆ ಇಡುತ್ತಿರುತ್ತದೆ, ಜೂನ್‌ನಲ್ಲಿ ಹುಟ್ಟಿದ ಮರಿ ಇನ್ನೂ ಬೆರಳುದ್ದ ಇರುತ್ತದೆ. ಎರಡು ತಿಂಗಳು ಕಾಯ್ದ ಮರಿಯನ್ನು ಮೂರನೇ ತಿಂಗಳು ಬಾಚಿದರೆ ರಜೆ ಕೊಟ್ಟು ಏನು ಬಂತು?

ಕೇರಳ 2015ರಲ್ಲಿ ಒಂದು ದಾರಿ ಹಿಡಿಯಿತು. ಮೊದಲಿಗೆ 14 ಜಾತಿಯ ಮೀನುಗಳಿಗೆ ಕನಿಷ್ಠ ಅಳತೆ ಗೊತ್ತು ಮಾಡಿತು, ಆಮೇಲೆ ಪಟ್ಟಿ 58ಕ್ಕೆ ಬೆಳೆಯಿತು. ಬೂತಾಯಿಗೆ 10 ಸೆಂ.ಮೀ. ಅದಕ್ಕಿಂತ ಸಣ್ಣದು ತಂದರೆ ದಂಡ. ಮೊಟ್ಟೆ ಇಡುವ ಅಳತೆ 15 ಇರುವಾಗ 10 ಸಾಲದು ಅಂತ ನನಗನ್ನಿಸುತ್ತದೆ. ಆದರೂ ಅಳತೆಯೊಂದು ಇದೆಯಲ್ಲ. ಇದೂ ಹೊಸ ಯೋಚನೆಯಲ್ಲ. 1940ರ ದಶಕದಲ್ಲಿ ಬೂತಾಯಿ ಕುಸಿದಾಗ ಮದ್ರಾಸ್ ಸರ್ಕಾರ ಮರಿ ಹಿಡಿಯುವುದಕ್ಕೆ, ಕೆಲವು ಬಲೆಗಳಿಗೆ ನಿರ್ಬಂಧ ಹಾಕಿತ್ತು. ಆಗ ದಕ್ಷಿಣ ಕನ್ನಡವೂ ಮದ್ರಾಸಿಗೇ ಸೇರಿತ್ತು. ಕೆಲವು ವರ್ಷದಲ್ಲೇ ಆ ನಿರ್ಬಂಧ ಹೋಯಿತು.

ಒಂದು ರಾಜ್ಯ ಮಾತ್ರ ಬಿಗಿ ಮಾಡಿದರೆ ಮರಿಮೀನು ಪಕ್ಕದ ರಾಜ್ಯದ ದಕ್ಕೆಯಲ್ಲಿ ಇಳಿಯುತ್ತದೆ, ಅಲ್ಲಿಂದ ಕಾರ್ಖಾನೆಗೆ ಹೋಗುತ್ತದೆ. ಇನ್ನೊಂದು ತೊಡಕು ಇದೆ. ದಡದಿಂದ 12 ನಾಟಿಕಲ್ ಮೈಲಿವರೆಗಿನ ನೀರಿನ ಮೀನುಗಾರಿಕೆ ರಾಜ್ಯ ಸರ್ಕಾರದ್ದು, ಅಲ್ಲಿಂದಾಚೆ 200 ಮೈಲಿವರೆಗೆ ಕೇಂದ್ರದ್ದು. ಲೈಟ್ ಹಾಕಿದ ಬೋಟು 13ನೇ ಮೈಲಿಯಲ್ಲಿದ್ದರೆ ಹಿಡಿಯಬೇಕಾದವರು ಯಾರು? ಮೀನುಗಾರಿಕಾ ಇಲಾಖೆ, ಕರಾವಳಿ ಕಾವಲು ಪೊಲೀಸ್, ಕೋಸ್ಟ್ ಗಾರ್ಡ್ ಎಲ್ಲರೂ ಇದ್ದಾರೆ. ರಾತ್ರಿ ಎರಡು ಗಂಟೆಗೆ, ಕಡಲ ನಡುವೆ, ಒಂದು ಬೋಟಿನ ಬೆನ್ನು ಹತ್ತುವುದು ಮಾತ್ರ ಸುಲಭದ ಕೆಲಸ ಅಲ್ಲ.

ಹಾಗಾಗಿ ತಪಾಸಣೆ ಕಡಲಲ್ಲಿ ಮಾಡುವುದಕ್ಕಿಂತ ದಕ್ಕೆಯಲ್ಲಿ ಮಾಡುವುದು ವಾಸಿ. ಎಷ್ಟೇ ದೂರ ಹೋದರೂ ಬೋಟು ಮೀನು ಇಳಿಸಲು ಬಂದರಿಗೆ ಬರಲೇಬೇಕು, ಲಾರಿ ಕಾರ್ಖಾನೆಯ ಗೇಟು ದಾಟಲೇಬೇಕು. ಅಲ್ಲಿ ಒಂದು ಬುಟ್ಟಿ ಎತ್ತಿ ಅಳೆದರೆ ಸಾಕು. ಕೇರಳ, ಕರ್ನಾಟಕ, ಗೋವಾ ಮೂರೂ ಒಂದೇ ಅಳತೆ ಒಪ್ಪಬೇಕು. ಮರಿ ಕೊಂಡ ಕಾರ್ಖಾನೆಗೂ ಬೋಟಿನಷ್ಟೇ ದಂಡ ಬೀಳಬೇಕು. ಮರಿ ಬಿಟ್ಟುಬಂದ ವಾರ ಬೋಟಿನಲ್ಲಿ ದುಡಿಯುವ ಕಲಾಸಿಗಳ ಸಂಬಳಕ್ಕೆ, ನಾಡದೋಣಿಯವರ ಮನೆ ಖರ್ಚಿಗೆ ಏನು ವ್ಯವಸ್ಥೆ ಅನ್ನುವುದೂ ಅದೇ ಆದೇಶದಲ್ಲಿ ಇರಬೇಕು. ಅದಿಲ್ಲದೆ ಹೊರಡಿಸಿದ ನಿಯಮವನ್ನು ದಕ್ಕೆಯಲ್ಲಿ ಯಾರೂ ಪಾಲಿಸುವುದಿಲ್ಲ.